ಕೊಡಗಿನ ಮಳೆಗಾಲದಲ್ಲೂ ಕೈಬಿಡದ ಲೈಬ್ರರಿ ಸಾಫ್ಟ್‌ವೇರ್: ಕೋಹಾ

ನಮ್ಮದು ವಿರಾಜಪೇಟೆ ಕಡೆಯ ಕಾಲೇಜು ಲೈಬ್ರರಿ. ಹೋದ ವರ್ಷ ಕೋಹಾ ಹಾಕಿಸಿದೆವು. ನಮ್ಮ ಜಿಲ್ಲೆಯಲ್ಲಿ ಲೈಬ್ರರಿ ಸಾಫ್ಟ್‌ವೇರ್ ನೋಡುವವರು ಮೊದಲು ಎರಡು ಮಾತು ಕೇಳಬೇಕು. ಜುಲೈ ಮಳೆಗೆ ನೆಟ್ ಹೋದರೆ ಇಶ್ಯೂ-ರಿಟರ್ನ್ ನಡೆಯುತ್ತದಾ? ನಾಳೆ ಇದನ್ನು ಬಿಟ್ಟರೆ ನಮ್ಮ ಡೇಟಾ ಪೂರ್ತಿ ಕೈಗೆ ಬರುತ್ತದಾ?

ಹಿಂದಿನ ಸಾಫ್ಟ್‌ವೇರ್ ಎರಡರಲ್ಲೂ ಫೇಲ್. ಎಲ್ಲ ಹೊರಗಿನ ಸರ್ವರ್‌ನಲ್ಲಿತ್ತು, ಹಾಗಾಗಿ ನೆಟ್ ಹೋಯಿತೆಂದರೆ ಮಕ್ಕಳು ಪುಸ್ತಕ ಹಿಡಿದು ಕೌಂಟರ್ ಮುಂದೆ ನಿಲ್ಲುತ್ತಿದ್ದರು, ನಾವು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಬಿಡುವಾಗ ಡೇಟಾ ಕೇಳಿದರೆ ಕೊಟ್ಟದ್ದು ಪುಸ್ತಕದ ಹೆಸರು, ಲೇಖಕ, ಬೆಲೆ ಇರುವ ಒಂದು ಎಕ್ಸೆಲ್ ಶೀಟ್. ಕಾಲ್ ನಂಬರ್ (ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಎಂದು ಹೇಳುವ ನಂಬರ್), ವಿಷಯ ಎಲ್ಲ ಹೋಯಿತು. ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಅಲ್ವಾ ಅದು, ಈಗಲೂ ಹೊಟ್ಟೆ ಉರಿಯುತ್ತದೆ.

ಕೋಹಾ ಶುರುವಾದದ್ದು ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಕಡೆಯ ಸಾರ್ವಜನಿಕ ಲೈಬ್ರರಿಗಳಲ್ಲಿ, 2000ದ ಜನವರಿಯಲ್ಲಿ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಳಸಿ ಬದಲಿಸಬಹುದು, ಲೈಸೆನ್ಸ್ ದುಡ್ಡಿಲ್ಲ. ಆದರೆ ನನಗೆ ಅದಕ್ಕಿಂತ ದೊಡ್ಡದು, ಸರ್ವರ್ ನಮ್ಮ ಲೈಬ್ರರಿಯೊಳಗೇ ಇರಬಹುದು ಅನ್ನುವುದು. ಒಂದು ಕಂಪ್ಯೂಟರಿಗೆ ಉಬುಂಟು (ಒಂದು ಬಗೆಯ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿ, ಕೌಂಟರಿನ ಕಂಪ್ಯೂಟರಿಗೆ ಕೇಬಲ್ ಎಳೆದು, ಎಲ್ಲಕ್ಕೂ ಯುಪಿಎಸ್ ಕೊಟ್ಟರೆ ಸಾಕು. ಹೊರಗೆ ಮರ ಬಿದ್ದು ಲೈನ್ ಹೋದರೂ ಬಾರ್‌ಕೋಡ್ ಸ್ಕ್ಯಾನ್ ನಿಲ್ಲುವುದಿಲ್ಲ. ಮೊನ್ನೆಯ ಮಳೆಗಾಲದಲ್ಲಿ ನೋಟ್‌ಬುಕ್ ತೆಗೆಯಲೇ ಇಲ್ಲ. ಕ್ಯಾಟಲಾಗ್ ಪೂರ್ತಿ ಮಾರ್ಕ್ 21 (ಲೈಬ್ರರಿಗಳು ಪುಸ್ತಕದ ವಿವರ ಇಡುವ ಸಾಮಾನ್ಯ ಮಾದರಿ) ರೂಪದಲ್ಲಿ ಯಾವಾಗ ಬೇಕಾದರೂ ಹೊರಗೆ ತೆಗೆಯಬಹುದು, ಯಾರನ್ನೂ ಕೇಳಬೇಕಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ತಾಳ್ಮೆ ಬೇಕು. ಶುರುವಿನಲ್ಲಿ ‘ಕಾಫಿ’ ಅಂತ ಹುಡುಕಿದರೆ ಏನೂ ಬರಲಿಲ್ಲ, ಪುಸ್ತಕ ಕಪಾಟಿನಲ್ಲೇ ಇತ್ತು. ಹುಡುಕುವ ಭಾಗ, ಅಂದರೆ ಜೀಬ್ರಾ, ಅದರಲ್ಲಿ ಐಸಿಯು ಎಂಬ, ಯೂನಿಕೋಡ್ ಅಕ್ಷರ ಸರಿಯಾಗಿ ಗುರುತಿಸುವ ಸೆಟ್ಟಿಂಗ್ ಹಾಕಿ ಇಂಡೆಕ್ಸ್ ಮತ್ತೆ ಮಾಡಿಸಿದ ಮೇಲೆ ಸರಿಯಾಯಿತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಇದ್ದರೆ ಮೊದಲು ಯೂನಿಕೋಡಿಗೆ ಬದಲಿಸಿ, ಇಲ್ಲದಿದ್ದರೆ ಬರೀ ಅಡ್ಡಾದಿಡ್ಡಿ ಅಕ್ಷರ ಕಾಣುತ್ತದೆ. ಇಂಗ್ಲಿಷ್ ಪುಸ್ತಕದ ವಿವರವನ್ನು ಝಡ್39.50 (ಬೇರೆ ಲೈಬ್ರರಿಯ ಕ್ಯಾಟಲಾಗ್ ಹುಡುಕುವ ವ್ಯವಸ್ಥೆ) ಮೂಲಕ ದೊಡ್ಡ ಲೈಬ್ರರಿಗಳಿಂದ ಇಳಿಸಿಕೊಳ್ಳಬಹುದು. ಕನ್ನಡ ಪುಸ್ತಕಗಳದ್ದು ಹೆಚ್ಚಾಗಿ ನಾವೇ ಟೈಪ್ ಮಾಡಬೇಕು.

ಇನ್ನೊಂದು ಎಚ್ಚರಿಕೆ. ಕೋಹಾ ದಿನಾ ತಾನೇ ಬ್ಯಾಕಪ್ ಮಾಡುತ್ತದೆ ನಿಜ, ಆದರೆ ಅದು ಅದೇ ಕಂಪ್ಯೂಟರಿನೊಳಗೆ ಕೂತಿರುತ್ತದೆ, ಹಳೆಯದು ಅಳಿಯುತ್ತಾ ಹೋಗುತ್ತದೆ. ಸಿಡಿಲಿಗೆ ಸರ್ವರ್ ಸುಟ್ಟರೆ ಬ್ಯಾಕಪ್ಪೂ ಹೋಗುತ್ತದೆ. ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಅದನ್ನು ಬೇರೆ ಕಟ್ಟಡದಲ್ಲಿಡಿ.

ಮ್ಯಾಗಜಿನ್ ಚಂದಾ ನೋಡುವ ಭಾಗ ನನಗೆ ಹಿಡಿಸಲಿಲ್ಲ, ತುಂಬಾ ಗೊಂದಲ. ಲಿನಕ್ಸ್ ಗೊತ್ತಿರುವವರು ಒಬ್ಬರಾದರೂ ಹತ್ತಿರದಲ್ಲಿರಬೇಕು, ನಮಗೆ ಕಂಪ್ಯೂಟರ್ ವಿಭಾಗದ ಮೇಷ್ಟ್ರು ಸಿಕ್ಕಿದರು. ಅಂಥವರು ಇಲ್ಲದಿದ್ದರೆ ಕೇಂದ್ರ ಸರ್ಕಾರದ ಎನ್‌ಐಸಿಯ ಇ-ಗ್ರಂಥಾಲಯ, ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರದ ಸೋಲ್ ಎಂಬ ಲೈಬ್ರರಿ ಸಾಫ್ಟ್‌ವೇರ್‌ಗಳನ್ನೂ ನೋಡಿ. ಯಾವುದಾದರೂ ಸರಿ, ಡೆಮೊ ದಿನ ನೆಟ್ ಕೇಬಲ್ ಕಿತ್ತು ಒಂದು ಪುಸ್ತಕ ಇಶ್ಯೂ ಮಾಡಿ ತೋರಿಸಲು ಹೇಳಿ.