ಹಳೆಯ ರೂಪದ ಹೊಸ ಸೈಕಲ್: ಪ್ಯಾಶ್ಲಿ ಗವ್‌ನರ್ ಮುಂದೆ ಸಂಗ್ರಹಯೋಗ್ಯವಾದೀತೆ?

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್-ಅಪಾನ್-ಏವನ್‌ನಲ್ಲಿ ತಯಾರಾಗುವ ಪ್ಯಾಶ್ಲಿ ಗವ್‌ನರ್ ಸೈಕಲ್ಲನ್ನು ನಾನು ನಾಲ್ಕು ವರ್ಷಗಳಿಂದ ಕಾವೆಂಟ್ರಿಯಲ್ಲಿ ತುಳಿಯುತ್ತಿದ್ದೇನೆ. ಹೊಸದರ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚು ಕೊಟ್ಟು, ಹಿರಿಯರೊಬ್ಬರಿಂದ ಅದನ್ನು ಕೊಂಡೆ. ಜೋಪಾನವಾಗಿ ಇಟ್ಟುಕೊಳ್ಳಿ, ಇನ್ನು ಇಪ್ಪತ್ತು ವರ್ಷಕ್ಕೆ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ ಎಂದು ಅವರು ಹೇಳಿದರು. ಅಷ್ಟು ನಂಬಿಕೆಯಿದ್ದವರು ಅರ್ಧ ಬೆಲೆಗೆ ಏಕೆ ಕೊಟ್ಟರು ಎಂಬ ಪ್ರಶ್ನೆ ಮಾತ್ರ ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

1926ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭವಾದ ಪ್ಯಾಶ್ಲಿ, 1930ರ ದಶಕದ ತನ್ನದೇ 'ಪಾತ್ ರೇಸರ್' ಮಾದರಿಯನ್ನು ಮುಂದಿಟ್ಟುಕೊಂಡು ಗವ್‌ನರ್ ರೂಪಿಸಿತು. ಇದರ ಫ್ರೇಮು ರೆನಾಲ್ಡ್ಸ್ 531 ಉಕ್ಕಿನದು; 1935ರಲ್ಲಿ ಮಾರುಕಟ್ಟೆಗೆ ಬಂದ ಈ ಮ್ಯಾಂಗನೀಸ್-ಮಾಲಿಬ್ಡಿನಮ್ ಕೊಳವೆ ಹಲವು ದಶಕಗಳ ಕಾಲ ಒಳ್ಳೆಯ ಸೈಕಲ್ಲಿನ ಗುರುತೇ ಆಗಿತ್ತು. ಕೊಳವೆಗಳು ಕೂಡುವಲ್ಲಿ ಲಗ್ ಎಂಬ ಲೋಹದ ತೋಳು ತೊಡಿಸಿ ಕೈಯಿಂದಲೇ ಹಿತ್ತಾಳೆ ಬೆಸುಗೆ ಹಾಕಿದ್ದಾರೆ. ಕಪ್ಪು ಬಣ್ಣ, ಕೆನೆಬಣ್ಣದ ಟೈರು, ಬ್ರೂಕ್ಸ್ ಚರ್ಮದ ಸೀಟು, ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಸ್ಟರ್ಮಿ-ಆರ್ಚರ್‌ನ ಮೂರು ಗೇರಿನ ಹಬ್ಬು (ಚಕ್ರದ ನಡುವಿನ ಗುಂಬ), ಹಬ್ಬಿನೊಳಗೇ ಅಡಗಿದ ಡ್ರಮ್ ಬ್ರೇಕು. ಸಮತಟ್ಟು ರಸ್ತೆಯಲ್ಲಿ ಇದು ತೇಲಿದಂತೆ ಸಾಗುತ್ತದೆ, ಏರಿನಲ್ಲಿ ಮೂರು ಗೇರು ಸಾಲುವುದಿಲ್ಲ. ಮಳೆಯಲ್ಲೂ ಬ್ರೇಕು ಸೋಲುವುದಿಲ್ಲ, ಆದರೆ ಥಟ್ಟನೆ ಹಿಡಿಯುವ ಗುಣವೂ ಅದಕ್ಕಿಲ್ಲ. ಮಡ್‌ಗಾರ್ಡ್ ಇಲ್ಲದ ಕಾರಣ ಇಂಗ್ಲೆಂಡಿನ ಹವೆಯಲ್ಲಿ ಬೆನ್ನಿನ ಮೇಲೆ ಕೆಸರಿನ ಗೆರೆ ಖಾಯಂ. ಸವಾರಿಯ ಮಟ್ಟಿಗೆ ನನಗೆ ಇದಕ್ಕಿಂತ ಹೆಚ್ಚು ದೂರುಗಳಿಲ್ಲ.

ಸಂಗ್ರಹದ ಪ್ರಶ್ನೆ ಬೇರೆ. ಹಳೆಯ ಸೈಕಲ್ಲುಗಳನ್ನು ಕಲೆಹಾಕುವವರು ಮೊದಲು ಬಗ್ಗಿ ನೋಡುವುದು ಹಿಂಚಕ್ರದ ಹಬ್ಬನ್ನು. 1936ರಲ್ಲಿ ಬಂದ ಸ್ಟರ್ಮಿ-ಆರ್ಚರ್ ಎಡಬ್ಲ್ಯು ಮಾದರಿಯ ಹಬ್ಬುಗಳ ಮೇಲೆ ತಯಾರಾದ ವರ್ಷ, ತಿಂಗಳುಗಳ ಅಂಕಿಗಳು ಒತ್ತಿರುತ್ತವೆ. ಅದನ್ನು ಓದಿ ಇಡೀ ಸೈಕಲ್ಲಿನ ಪ್ರಾಯ ಊಹಿಸಬಹುದು. ರ‍್ಯಾಲಿ ಕಂಪನಿ ತನ್ನ ಸೈಕಲ್ಲುಗಳಿಗೆ ಇಂಚಿಗೆ 26 ಸುತ್ತಿನ ತನ್ನದೇ ತಿರುಪಿನ ಎಳೆಯನ್ನು (ಥ್ರೆಡ್) ಇಟ್ಟಿದ್ದರಿಂದ, ಸವೆದ ಬೇರಿಂಗ್ ಕಪ್ಪಿಗೆ ಬದಲು ಬೇಕೆಂದರೆ ಇನ್ನೊಂದು ರ‍್ಯಾಲಿಯನ್ನೇ ಬಿಚ್ಚಬೇಕಾಗುತ್ತದೆ. ಟಾಟನ್‌ಹ್ಯಾಮಿನ ಹೆಚಿನ್ಸ್ ಸೈಕಲ್ಲಿನ ಸುರುಳಿಯಂತೆ ಬಾಗಿದ ಹಿಂಗೊಳವೆಗಳನ್ನು ರಸ್ತೆಯ ಆಚೆಯಿಂದಲೇ ಗುರುತಿಸಬಹುದು. ಒಬ್ಬ ತಯಾರಕನ ಹಟ, ಒಂದು ಕಾರ್ಖಾನೆಯ ಗುಟ್ಟು ವಸ್ತುವಿನಲ್ಲಿ ಹೀಗೆ ಅಂಟಿಕೊಂಡಿರುವುದರಿಂದಲೇ ಹುಡುಕಾಟಕ್ಕೆ ರುಚಿ ಬರುತ್ತದೆ. ಗವ್‌ನರ್‌ನಲ್ಲಿ ಫ್ರೇಮು ಬಿಟ್ಟರೆ ಉಳಿದುದೆಲ್ಲವೂ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಸಾಮಾನು. ಸ್ಟರ್ಮಿ-ಆರ್ಚರ್ 2000ದಲ್ಲಿ ತೈವಾನಿನ ಸನ್‌ರೇಸ್ ಕಂಪನಿಯ ಕೈಸೇರಿತು. ಈಗಿನ ಹಬ್ಬು ಮೊದಲು ನಾಟಿಂಗ್‌ಹ್ಯಾಮಿನಲ್ಲಿ ತಯಾರಾಗುತ್ತಿದ್ದುದಕ್ಕಿಂತ ಕೀಳೇನಲ್ಲ, ಆದರೆ ಅದೇ ಹಬ್ಬು ಬೇರೆ ಹತ್ತಾರು ಬಗೆಯ ಸೈಕಲ್ಲುಗಳಲ್ಲೂ ತಿರುಗುತ್ತಿರುತ್ತದೆ.

ಅಮೆರಿಕದ ಶ್ವಿನ್ ಕಂಪನಿ ತನ್ನ ನೂರನೆಯ ವರ್ಷದ ನೆನಪಿಗಾಗಿ, 1949ರಲ್ಲಿ ಮೊದಲು ಬಂದ ಬ್ಲ್ಯಾಕ್ ಫ್ಯಾಂಟಮ್ ಸೈಕಲ್ಲಿನ ಪ್ರತಿರೂಪವನ್ನು 1995ರಲ್ಲಿ ಸೀಮಿತ ಸಂಖ್ಯೆಯಲ್ಲಿ ಹೊರತಂದಿತು. ಮೂಲ ಫ್ಯಾಂಟಮ್ ಮಕ್ಕಳ ಕೈಗೆ ಹೋದ ಸೈಕಲ್. ಮಳೆಯಲ್ಲಿ ನೆನೆಯಿತು, ಪತ್ರಿಕೆ ಹಂಚಿತು, ತಮ್ಮನ ಪಾಲಿಗೆ ಬಂತು, ಕೊನೆಗೆ ಗುಜರಿ ಸೇರಿತು, ಹಾಗಾಗಿ ಚೆನ್ನಾಗಿ ಉಳಿದದ್ದಕ್ಕೆ ಬೆಲೆ ಬಂತು. ಪ್ರತಿರೂಪವನ್ನು ಕೊಂಡವರಲ್ಲಿ ಹಲವರು ಬೆಲೆ ಏರೀತೆಂದು ತುಳಿಯದೆಯೇ ಇಟ್ಟುಕೊಂಡರು. ಎಲ್ಲರೂ ಜೋಪಾನ ಮಾಡಿದ ವಸ್ತುವಿಗೆ ಅಭಾವ ಹುಟ್ಟುವುದಾದರೂ ಹೇಗೆ?

ಇದಕ್ಕಿಂತ ಮುಖ್ಯವಾದದ್ದು, ಚಿಕ್ಕಂದಿನಲ್ಲಿ ಆ ಸೈಕಲ್ಲಿಗಾಗಿ ಹಂಬಲಿಸಿದವರು ಯಾರು ಎಂಬುದು. 2023ರಲ್ಲಿ ರ‍್ಯಾಲಿ ತನ್ನ ಚಾಪರ್ ಸೈಕಲ್ಲನ್ನು 950 ಪೌಂಡಿಗೆ ಮತ್ತೆ ಬಿಡುಗಡೆ ಮಾಡಿದಾಗ ಅದು ನೋಡನೋಡುತ್ತ ಖಾಲಿಯಾಯಿತು. ಮುಂದೆ ಸಣ್ಣ ಚಕ್ರ, ಹಿಂದೆ ದೊಡ್ಡದು, ಒರಗುವ ಉದ್ದನೆಯ ಸೀಟು, ಕಾರಿನ ಗೇರಿನಂತೆ ಕಾಲುಗಳ ನಡುವೆ ನಿಂತ ಲಿವರ್ರು: 1970ರ ದಶಕದಲ್ಲಿ ಇದಕ್ಕಾಗಿ ಹಟ ಹಿಡಿದು, ಸಿಗದೆ ಹೋದ ಬ್ರಿಟನ್ನಿನ ಮಕ್ಕಳು ಈಗ ದುಡ್ಡಿರುವ ಹಿರಿಯರಾಗಿದ್ದಾರೆ. ಸಂಗ್ರಹದ ಬೆಲೆಯನ್ನು ಬಹುಮಟ್ಟಿಗೆ ಕಟ್ಟುವುದು ಹನ್ನೆರಡರ ಪ್ರಾಯದ ಆ ಆಸೆಯೇ. ಆದರೆ 2023ರ ಚಾಪರ್ ಕೊಂಡವರು ತಮ್ಮ ಹಳೆಯ ಆಸೆಯನ್ನು ತೀರಿಸಿಕೊಂಡರೇ ಹೊರತು ಹೊಸ ಆಸೆಯನ್ನು ಯಾರಲ್ಲೂ ಬಿತ್ತಲಿಲ್ಲ. ಅಚ್ಚುಗಳು ಕೈಯಲ್ಲಿರುವಾಗ ಕಂಪನಿ ಅದನ್ನು ಇನ್ನೊಮ್ಮೆ ತಯಾರಿಸಲೂಬಹುದು. ಗವ್‌ನರ್‌ನ ಸ್ಥಿತಿ ಇನ್ನೂ ಇಕ್ಕಟ್ಟಿನದು, ಏಕೆಂದರೆ ಅದನ್ನು ಕೊಳ್ಳುವವರು ನನ್ನಂಥ ನಡುವಯಸ್ಸಿನವರು. ನನ್ನ ಬೀದಿಯ ಮಕ್ಕಳಲ್ಲಿ ಒಬ್ಬರೂ ಅದನ್ನು ನೋಡಿ ಒಂದು ಸುತ್ತು ಕೊಡಿ ಅಂಕಲ್ ಎಂದು ಕೇಳಿದ್ದಿಲ್ಲ.

ಕರ್ನಾಟಕದವರಿಗೆ ಈ ಆಕಾರದ ಮೋಹ ಹತ್ತುವುದು ಇನ್ನೂ ಕಷ್ಟ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತ ಅಟ್ಲಾಸ್, ಹರ್ಕ್ಯುಲಿಸ್, ಹೀರೊ ಸೈಕಲ್ಲುಗಳು ಇದೇ ಬ್ರಿಟಿಷ್ ಅಚ್ಚಿನವು, ಅಲ್ಲಿ ಈ ರೂಪ ಎಂದೂ ಹಳತಾಗಲೇ ಇಲ್ಲ. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿದ ಮೇಲೂ ಅಪ್ಪನ ಅಟ್ಲಾಸ್ ಹಿತ್ತಲಲ್ಲೇ ಒರಗಿತ್ತು. ನನ್ನ ವಾರಿಗೆಯ ಹುಡುಗರು ಬಾಯಿಬಿಟ್ಟು ನೋಡುತ್ತಿದ್ದುದು ಬಿಎಸ್‌ಎ ಎಸ್‌ಎಲ್‌ಆರ್ ಸೈಕಲ್ಲನ್ನು. ಸುಸ್ಥಿತಿಯ ಎಸ್‌ಎಲ್‌ಆರ್ ಎಲ್ಲಾದರೂ ಸಿಕ್ಕರೆ ನಾನು ಈಗಲೂ ಚೌಕಾಸಿ ಮಾಡದೆ ಕೊಂಡೇನು.

ಹಾಗೆಂದು ಗವ್‌ನರ್‌ಗೆ ಭವಿಷ್ಯವೇ ಇಲ್ಲ ಎನ್ನಲಾರೆ. ಕೈಯಿಂದ ಬೆಸೆದ 531 ಫ್ರೇಮು ಅಂಗಡಿಯಲ್ಲಿ ದಿನವೂ ಸಿಗುವ ವಸ್ತುವಲ್ಲ, ಮತ್ತು ಪ್ಯಾಶ್ಲಿ ಎಂದಾದರೂ ತಯಾರಿಕೆ ನಿಲ್ಲಿಸಿದರೆ ಆ ಫ್ರೇಮಿಗೆ ಗಿರಾಕಿಗಳು ಖಂಡಿತ ಇರುತ್ತಾರೆ. ಚಾಪರ್‌ಗೆ ಒಂದು ಪೀಳಿಗೆಯ ಕಾಲ ಮಾತ್ರ ಬೇಡಿಕೆ ಉಳಿದೀತು. ಫ್ರೇಮಿನಲ್ಲಿ ವಿಶೇಷವೇನೂ ಇಲ್ಲದೆ, ಬಣ್ಣ ಮತ್ತು ಬೆತ್ತದ ಬುಟ್ಟಿಯ ಬಲದ ಮೇಲೆ ಹಳೆಯದೆನಿಸಿಕೊಳ್ಳುವ ಅಗ್ಗದ ಮಾದರಿಗಳನ್ನು ಈ ಲೆಕ್ಕಕ್ಕೇ ತೆಗೆದುಕೊಳ್ಳಬೇಕಿಲ್ಲ. ಲಾಭಕ್ಕಾಗಿ ಗವ್‌ನರ್ ಕೊಳ್ಳುವುದು ದಯವಿಟ್ಟು ಬೇಡ. ತುಳಿಯಲು ಬೇಕೆನ್ನುವವರು ಹೊಸದನ್ನು ಬಿಟ್ಟು ಯಾರಾದರೂ ಬಳಸಿದ್ದನ್ನೇ ಹುಡುಕಲಿ.

ನನ್ನ ಸೈಕಲ್ಲಿನ ಕೆನೆಬಣ್ಣದ ಟೈರುಗಳು ಈ ಬೇಸಿಗೆಯಲ್ಲಿ ಸವೆದು ನೂಲು ಕಾಣುತ್ತಿವೆ. ಅವುಗಳ ಅಳತೆ 28×1½, ಅಂದರೆ ನಮ್ಮೂರಿನ ದೊಡ್ಡ ಸೈಕಲ್ಲುಗಳದ್ದೇ ಅಳತೆ. ಮಂಡ್ಯದ ಯಾವ ಸೈಕಲ್ ಅಂಗಡಿಯಲ್ಲೂ ಕೇಳಬಹುದಾದದ್ದು. ಸಂಗ್ರಾಹಕರು ಬಣ್ಣ ಕೆಟ್ಟಿತು ಎಂದು ಮುಖ ಸಿಂಡರಿಸಿಯಾರು, ಆದರೂ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಎರಡು ಕಪ್ಪು ಟೈರು ಸುತ್ತಿ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವುದೆಂದು ತೀರ್ಮಾನಿಸಿದ್ದೇನೆ.