ಫ್ರೀಡಂ ಆರ್ಕೈವ್ಸ್: ಓದುವುದಕ್ಕಿಂತ ಕೇಳುವುದಕ್ಕೆ ಹೋಗಿ

ಅಮೆರಿಕದ ವಿಮೋಚನಾ ಚಳವಳಿಗಳು, ಅಲ್ಲಿನ ರಾಜಕೀಯ ಕೈದಿಗಳ ಪರ ನಡೆದ ಹೋರಾಟ, ಇವುಗಳ ಬಗ್ಗೆ ಗೂಗಲ್ ಮಾಡಿದರೆ ಸಿಗುವುದು ಅದೇ ನಾಲ್ಕು ಫೋಟೋ, ಅದೇ ಹತ್ತು ಸಾಲಿನ ಪರಿಚಯ, ಜೊತೆಗೆ ಯಾರೋ ಯಾವಾಗಲೋ ಹೇಳಿದ್ದಾರೆ ಎನ್ನಲಾದ ಒಂದು ಖಡಕ್ ಮಾತು. ಮೂಲವೇ ಬೇಕು ಅನ್ನುವವರಿಗೆ ನಾನು ಫ್ರೀಡಂ ಆರ್ಕೈವ್ಸ್ ಕಡೆ ಕೈ ತೋರಿಸುತ್ತೇನೆ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ, ಚಳವಳಿಗಳ ಹಳೇ ಧ್ವನಿಮುದ್ರಣ, ಕಾಗದಪತ್ರ ಕಾಪಾಡಿ ಆನ್‌ಲೈನಿನಲ್ಲಿ ಇಡುವ ಸಣ್ಣ ಸಂಸ್ಥೆ. ದುಡ್ಡು ಕೊಡಬೇಕಿಲ್ಲ. ಲಾಗಿನ್ ಬೇಕಿಲ್ಲ. ಯಾವ ವಿಶ್ವವಿದ್ಯಾಲಯದವರು ನೀವು ಅಂತ ಕೇಳುವುದಿಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಕಾರಣ ಮುಂದಿದೆ.

ಇದರ ಜೀವ ಇರುವುದು ಧ್ವನಿಯಲ್ಲಿ. 1960ರ ದಶಕದ ಕೊನೆಯಿಂದ 90ರ ದಶಕದ ನಡುಭಾಗದವರೆಗಿನ 12,000 ಗಂಟೆಗೂ ಜಾಸ್ತಿ ಆಡಿಯೋ, ವಿಡಿಯೋ ಇವರ ಹತ್ತಿರ ಇದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ರೇಡಿಯೋಗಳಲ್ಲಿ ಕೆಲಸ ಮಾಡುತ್ತಿದ್ದವರು ವಾರವಾರ ಮಾಡಿದ ಸುದ್ದಿ ಕಾರ್ಯಕ್ರಮ, ಸಂದರ್ಶನ, ಕವಿತೆ, ಹಾಡು, ಸಭೆಯ ಭಾಷಣ ಎಲ್ಲ ಅದರಲ್ಲಿ ಸೇರಿವೆ. ಪ್ರಸಾರ ಆದಮೇಲೆ ಟೇಪು ಮೂಲೆ ಸೇರುತ್ತದೆ, ಅಥವಾ ಅದರ ಮೇಲೇ ಇನ್ನೊಂದು ರೆಕಾರ್ಡ್ ಮಾಡುತ್ತಾರೆ, ಅಲ್ವಾ? ಇವರು ಹಾಗೆ ಬಿಡಲಿಲ್ಲ.

ಆದರೆ 12,000 ಗಂಟೆಯೂ ಕ್ಲಿಕ್ ಮಾಡಿದ ಕೂಡಲೇ ಕೇಳುತ್ತದೆ ಅಂದುಕೊಳ್ಳಬೇಡಿ. ಪಟ್ಟಿಯಲ್ಲಿರುವ ಎಲ್ಲದಕ್ಕೂ ಡಿಜಿಟಲ್ ಪ್ರತಿ ಇಲ್ಲ. ಒಂದು ಸ್ಟಾರ್ ಕಳೆದದ್ದು ಸ್ವಲ್ಪ ಇದಕ್ಕೆ, ಸ್ವಲ್ಪ ವಿವರಣೆಗಳು ತುಂಬಾ ಚುಟುಕಾಗಿರುವುದಕ್ಕೆ.

ಹುಡುಕುವುದು ಹೇಗೆ ಅಂತ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. 'ರಾಜಕೀಯ ಕೈದಿ' ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಫಲಿತಾಂಶದ ರಾಶಿಯೇ ಬಂದು ಬೀಳುತ್ತದೆ, ಯಾವ ಪ್ರಯೋಜನವೂ ಇಲ್ಲ. ಜೈಲಿನ ಹೆಸರು ಹಾಕಿ. ಮೊಕದ್ದಮೆಯ ಹೆಸರು ಹಾಕಿ. ಬಿಡುಗಡೆಗೆ ಹೋರಾಡಿದ ಸಮಿತಿಯ ಹೆಸರು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಸ್ಯಾನ್ ಕ್ವೆಂಟಿನ್, ಸೋಲೆಡಾಡ್, ಆಟಿಕಾ, ಇವು ಒಳಗೆ ಹೋಗುವ ಬಾಗಿಲುಗಳು. ಆಮೇಲೆ ವರ್ಷ. 1971ರ ಆಗಸ್ಟ್ 21ರಂದು ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಕಪ್ಪು ಜನರ ಹೋರಾಟಗಾರ, ಕೈದಿ ಜಾರ್ಜ್ ಜಾಕ್ಸನ್‌ನನ್ನು ಕಾವಲುಗಾರರು ಗುಂಡಿಟ್ಟು ಕೊಂದರು. ಆ ದಿನಕ್ಕೆ ಮೊದಲಿನ ಮಾತೇ ಬೇರೆ, ನಂತರದ ಮಾತೇ ಬೇರೆ. ಎರಡನ್ನೂ ಕಲಸಿ ಕೇಳಿದರೆ ಏನೂ ಹತ್ತುವುದಿಲ್ಲ.

ತಾರೀಖು ಎಷ್ಟು ಮುಖ್ಯ ಅನ್ನುವುದಕ್ಕೆ ಆಟಿಕಾ ನೋಡಿ. 1971ರ ಸೆಪ್ಟೆಂಬರ್ 9ರಂದು ನ್ಯೂಯಾರ್ಕ್ ರಾಜ್ಯದ ಆ ಜೈಲಿನಲ್ಲಿ ಕೈದಿಗಳು ತಿರುಗಿಬಿದ್ದರು, ಕಾವಲುಗಾರರನ್ನು ಒತ್ತೆ ಇಟ್ಟುಕೊಂಡರು. ವಾರಕ್ಕೊಂದೇ ಸ್ನಾನ, ತಿಂಗಳಿಗೆ ಒಂದೇ ಸುರುಳಿ ಟಾಯ್ಲೆಟ್ ಪೇಪರ್, ಅಂಥ ಜೈಲು ಅದು. ನಾಲ್ಕು ದಿನ ಮಾತುಕತೆ ನಡೆಯಿತು. 13ರ ಬೆಳಗ್ಗೆ ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್ ಒಪ್ಪಿಗೆಯ ಮೇಲೆ ಪೊಲೀಸರು ಗುಂಡು ಹಾರಿಸುತ್ತ ನುಗ್ಗಿದರು. ಇಡೀ ಪ್ರಕರಣದಲ್ಲಿ ಸತ್ತವರು 43 ಜನ. ಒತ್ತೆಯಾಳುಗಳ ಕತ್ತನ್ನು ಕೈದಿಗಳೇ ಕೊಯ್ದರು ಅಂತ ಅಧಿಕಾರಿಗಳು ಹೇಳಿದರು, ಪತ್ರಿಕೆಗಳು ಅದನ್ನೇ ಅಚ್ಚು ಹಾಕಿದವು. ಮರುದಿನ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯ ಜಾನ್ ಎಡ್‌ಲ್ಯಾಂಡ್ ಬೇರೆಯದೇ ಹೇಳಿದರು. ಅವತ್ತು ಒತ್ತೆಯಾಳುಗಳು ಸತ್ತದ್ದು ಗುಂಡೇಟಿನಿಂದ. ಕೈದಿಗಳ ಹತ್ತಿರ ಬಂದೂಕೇ ಇರಲಿಲ್ಲ. ಅಂದರೆ 13ರ ಸುದ್ದಿ ಮತ್ತು 14ರ ಸುದ್ದಿ ನಡುವೆ ಕಥೆಯೇ ತಲೆಕೆಳಗಾಗಿದೆ. ಇಂಥ ವಿಷಯದಲ್ಲಿ ಒಂದು ಹಾಳೆಯ ಮೇಲಿನ ತಾರೀಖು ನೋಡದೆ ಅದನ್ನು ಶೇರ್ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇನ್ನೊಂದು ತೊಡಕು ಹೆಸರುಗಳದ್ದು. ಆಸಾಟಾ ಶಕೂರ್ ಅಂತ ಹುಡುಕಿದರೆ ಚಳವಳಿಯವರ ಕರಪತ್ರ, ಸಂದರ್ಶನ ಸಿಗುತ್ತವೆ. ಜೊವಾನ್ ಚೆಸಿಮಾರ್ಡ್ ಅಂತ ಹುಡುಕಿದರೆ ಪೊಲೀಸರು ಮತ್ತು ಕೋರ್ಟಿನ ಕಡೆಯ ಕಾಗದ. ಎರಡೂ ಒಬ್ಬಳದೇ ಹೆಸರು, ಕಪ್ಪು ಜನರ ವಿಮೋಚನೆಗೆ ಹೋರಾಡಿದ ಹೆಣ್ಣುಮಗಳು. ಪೊಲೀಸನೊಬ್ಬನ ಕೊಲೆ ಪ್ರಕರಣದಲ್ಲಿ 1977ರಲ್ಲಿ ಶಿಕ್ಷೆಯಾಗಿ, 1979ರಲ್ಲಿ ಜೈಲಿನಿಂದ ತಪ್ಪಿಸಿಕೊಂಡು ಕ್ಯೂಬಾ ಸೇರಿದವಳು. 2013ರಲ್ಲಿ ಎಫ್‌ಬಿಐ ತನ್ನ ಭಯೋತ್ಪಾದಕರ ಪಟ್ಟಿಗೆ ಸೇರಿಸಿದ್ದು ಹಳೇ ಹೆಸರನ್ನೇ. ಅದೇ ಚಳವಳಿಯ ಸುಂಡಿಯಾಟಾ ಅಕೋಲಿಗೆ ಕ್ಲಾರ್ಕ್ ಸ್ಕ್ವೈರ್ ಅಂತಲೂ, ಜೆರೊನಿಮೋ ಪ್ರಾಟ್‌ಗೆ ಎಲ್ಮರ್ ಪ್ರಾಟ್ ಅಂತಲೂ ಹುಡುಕಿ. ಸ್ಪೆಲ್ಲಿಂಗ್‌ನಲ್ಲೂ ಎರಡು ಮೂರು ಬಗೆ ಇರುತ್ತವೆ, ಬೇಜಾರು ಮಾಡಿಕೊಳ್ಳದೆ ಎಲ್ಲವನ್ನೂ ಹಾಕಿ ನೋಡಬೇಕು.

ಕಾಗದಪತ್ರಗಳ ವಿಷಯಕ್ಕೆ ಬಂದರೆ, ಇಂಥ ಸಂಗ್ರಹ ಯಾವುದೇ ಇರಲಿ, ನಿರೀಕ್ಷೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಸೈಕ್ಲೋಸ್ಟೈಲ್ ಮಾಡಿದ ಕರಪತ್ರವನ್ನು ಸ್ಕ್ಯಾನ್ ಮಾಡಿದರೆ ಕಂಪ್ಯೂಟರಿಗೆ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಹುಡುಕಾಟ ನಿಲ್ಲುವುದು ಯಾರೋ ಬರೆದಿಟ್ಟ ಎರಡು ಸಾಲಿನ ವಿವರಣೆಯ ಮೇಲೆ. ಅವರು ಬರೆಯದಿದ್ದರೆ ಹಾಳೆಯೊಳಗಿನ ಹೆಸರು ನಿಮಗೆ ಸಿಗುವುದೇ ಇಲ್ಲ. ಸುಮ್ನೆ ಒಂದೊಂದೇ ಪಿಡಿಎಫ್ ತೆರೆದು ನೋಡುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಪೋರ್ಟೊರಿಕೊ ಸ್ವಾತಂತ್ರ್ಯ ಹೋರಾಟದ ಕೈದಿಗಳ ಬಗ್ಗೆ ಹುಡುಕುವಾಗ ಸ್ಪ್ಯಾನಿಷ್ ಪದಗಳನ್ನೂ ಹಾಕಿ.

ಇದು ನಿಷ್ಪಕ್ಷಪಾತ ಆರ್ಕೈವ್ ಅಲ್ಲ. ಅದನ್ನು ಮುಚ್ಚಿಡುವುದೂ ಇಲ್ಲ. ಕಟ್ಟಿದವರು ಚಳವಳಿಯೊಳಗಿನವರು, ಕೂಡಿಸಿದ್ದು ಚಳವಳಿಯ ಮಾತನ್ನು. ನನಗೆ ಇದು ದೋಷ ಅನಿಸುವುದಿಲ್ಲ, ಬೇರೆ ಯಾರೂ ಕಾಪಾಡದಿದ್ದದ್ದನ್ನು ಇವರು ಕಾಪಾಡಿದ್ದಾರೆ. ಆದರೆ ಇಲ್ಲೊಂದೇ ಕಡೆ ಓದಿ ತೀರ್ಪು ಕೊಡಬೇಡಿ. ಅಮೆರಿಕದ ಮೂಲನಿವಾಸಿಗಳ ಹೋರಾಟಗಾರ ಲೆನಾರ್ಡ್ ಪೆಲ್ಟಿಯರ್ ವಿಷಯ ತೆಗೆದುಕೊಳ್ಳಿ. 1975ರ ಜೂನ್ 26ರಂದು ದಕ್ಷಿಣ ಡಕೋಟಾದ ಮೂಲನಿವಾಸಿ ಪ್ರದೇಶವಾದ ಪೈನ್ ರಿಡ್ಜ್‌ನಲ್ಲಿ ಇಬ್ಬರು ಎಫ್‌ಬಿಐ ಏಜೆಂಟರು ಸತ್ತ ಪ್ರಕರಣದಲ್ಲಿ ಅವನಿಗೆ 1977ರಲ್ಲಿ ಶಿಕ್ಷೆಯಾಯಿತು. ಶಿಕ್ಷೆಯನ್ನು ಗೃಹಬಂಧನಕ್ಕೆ ಇಳಿಸಿದ ಮೇಲೆ ಜೈಲಿನಿಂದ ಹೊರಬಂದದ್ದು 2025ರ ಫೆಬ್ರವರಿಯಲ್ಲಿ. ಅವನ ಪರ ನಡೆದ ಹೋರಾಟದ ಕಾವು ಗೊತ್ತಾಗಬೇಕಾದರೆ ಚಳವಳಿಯ ಕಾಗದ ಓದಿ. ಸಾಕ್ಷ್ಯ ಏನಿತ್ತು ಅಂತ ಬೇಕಾದರೆ ಕೋರ್ಟಿನ ದಾಖಲೆಗೇ ಹೋಗಬೇಕು.

ಸರ್ಕಾರದ ಕಡೆಯದು ಬೇಕಾದರೆ ಎಫ್‌ಬಿಐ ವಾಲ್ಟ್ ಅನ್ನುವ ದಾಖಲೆಗಳ ವೆಬ್‌ಸೈಟ್ ಇದೆ, ಅದೂ ಉಚಿತ. ಕಪ್ಪು ಜನರ ಹಕ್ಕಿಗೆ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಫೈಲು, ಚಳವಳಿಗಳನ್ನು ಮುರಿಯಲು ಎಫ್‌ಬಿಐ 1956ರಿಂದ 1971ರವರೆಗೆ ಗುಟ್ಟಾಗಿ ನಡೆಸಿದ ಕಾರ್ಯಾಚರಣೆಯಾದ ಕೊಯಿಂಟೆಲ್‌ಪ್ರೊ ಫೈಲು ಅಲ್ಲಿವೆ. ಕಪ್ಪು ಮಸಿ ಬಳಿದ ಸಾಲುಗಳನ್ನು ನೋಡಿ ನೋಡಿ ಕಣ್ಣು ಸೋಲುತ್ತದೆ, ಅದು ಬೇರೆ ಮಾತು. ಎರಡೂ ಕಡೆ ಓದುವುದರ ಲಾಭ ಪ್ರಾಟ್ ಮೇಲಿನ ಕೊಲೆ ಪ್ರಕರಣದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಅವನ ವಿರುದ್ಧ ಹೇಳಿದ ಮುಖ್ಯ ಸಾಕ್ಷಿ ಪೊಲೀಸರ ಮಾಹಿತಿದಾರ ಅನ್ನುವುದನ್ನು ಜ್ಯೂರಿಯಿಂದ ಮುಚ್ಚಿಟ್ಟಿದ್ದರು. 27 ವರ್ಷ ಒಳಗಿದ್ದ ಮೇಲೆ, 1997ರಲ್ಲಿ ಆ ಶಿಕ್ಷೆ ರದ್ದಾಯಿತು. ಚಳವಳಿಯವರು ವರ್ಷಗಟ್ಟಲೆ ಕೂಗಿದ್ದು ಒಂದು ಕಡೆ, ಸರ್ಕಾರದ್ದೇ ಕಾಗದ ಅದನ್ನು ಒಪ್ಪಿಕೊಂಡದ್ದು ಇನ್ನೊಂದು ಕಡೆ.

ಪತ್ರಿಕೆಗಳೇ ಬೇಕು ಅನ್ನುವವರು ಫ್ರೀಡಂ ಆರ್ಕೈವ್ಸ್‌ನಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಸಂಶೋಧನಾ ಬರಹಗಳ ಆನ್‌ಲೈನ್ ಗ್ರಂಥಾಲಯ ಜೆಸ್ಟೋರ್‌ನಲ್ಲಿ ಅಮೆರಿಕದ ಜೈಲುಗಳೊಳಗೆ ಕೈದಿಗಳೇ ಹೊರತರುತ್ತಿದ್ದ ಪತ್ರಿಕೆಗಳ ದೊಡ್ಡ ಸಂಗ್ರಹ ಎಲ್ಲರಿಗೂ ತೆರೆದಿದೆ. 1967ರ ಏಪ್ರಿಲ್‌ನಲ್ಲಿ ಶುರುವಾದ ಪ್ಯಾಂಥರ್ ಪತ್ರಿಕೆಯ ಸಂಚಿಕೆಗಳು ಮಾರ್ಕ್ಸಿಸ್ಟ್ಸ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ.

ಶಾಲೆಯ ಪ್ರಾಜೆಕ್ಟಿಗೆ ಒಂದು ಪುಟದ ಸಾರಾಂಶ ಬೇಕು ಅನ್ನುವವರಿಗೆ ಫ್ರೀಡಂ ಆರ್ಕೈವ್ಸ್ ತಲೆನೋವು. ಇಲ್ಲಿ ಯಾರೂ ಕೈಹಿಡಿದು ನಡೆಸುವುದಿಲ್ಲ, ಹಿನ್ನೆಲೆ ಗೊತ್ತಿಲ್ಲದೆ ಬಂದರೆ ಆ ಟೇಪುಗಳಲ್ಲಿ ಮಾತಾಡುವ ಅರ್ಧ ಜನ ಯಾರು ಅಂತಲೇ ತಿಳಿಯುವುದಿಲ್ಲ. ಮೊದಲು ಒಂದು ಪ್ರಕರಣದ ಬಗ್ಗೆ ಸ್ವಲ್ಪ ಓದಿಕೊಂಡು, ಹೆಸರು ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಬನ್ನಿ. ಸಿಕ್ಕಿದ್ದನ್ನು ಎಲ್ಲಾದರೂ ಬಳಸುವುದಿದ್ದರೆ ಯಾವ ಸಂಗ್ರಹದಲ್ಲಿತ್ತು, ಯಾವ ವರ್ಷದ್ದು ಅಂತ ಆಗಲೇ ಗುರುತು ಹಾಕಿಕೊಳ್ಳಿ. ಹಾಗೇ ಪಿಡಿಎಫ್ ಇಳಿಸಿಕೊಂಡರೆ ಅದರ ಫೈಲ್ ಹೆಸರು ನೋಡಿ ಆಮೇಲೆ ಏನೂ ಗೊತ್ತಾಗುವುದಿಲ್ಲ.