ಕೇಳದೆ ಬಂದದ್ದನ್ನು ತೆಗೆಸಲು ಮುನ್ನೂರು ರೂಪಾಯಿ

ದಾವಣಗೆರೆಯ ಅಶೋಕ ರಸ್ತೆ ಹತ್ತಿರ ನಮ್ಮದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಹ್ಯಾಂಡ್‌ಬಿಲ್ಲು, ಇದೇ ಕೆಲಸ. ಹಳೇ ಕಂಪ್ಯೂಟರು ಕೈಕೊಟ್ಟಿತು ಅಂತ ಯುಗಾದಿ ಆದ ವಾರ 46,500 ರೂಪಾಯಿಗೆ ಲ್ಯಾಪ್‌ಟಾಪ್ ತಂದೆ. 16 ಜಿಬಿ ಮೆಮೊರಿ, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11 ಹಾಕಿಕೊಂಡೇ ಬಂದದ್ದು. ಕಂಪನಿಯ ಹೆಸರು ಬರೆಯುತ್ತಿಲ್ಲ; ಬೇರೆ ಕಂಪನಿಯದ್ದು ಕೊಂಡ ಗೆಳತಿಯರೂ ಇದೇ ಕಥೆ ಹೇಳುತ್ತಾರೆ.

ಮಿಷನ್ ಬಗ್ಗೆ ತಕರಾರಿಲ್ಲ. ಕೀಲಿಗಳು ಮೆತ್ತಗಿವೆ, ಕರೆಂಟ್ ಹೋದರೆ ನಾಲ್ಕು ತಾಸು ತಳ್ಳುತ್ತದೆ, ಪೇಜ್‌ಮೇಕರ್ (ಪುಟ ಜೋಡಿಸುವ ತಂತ್ರಾಂಶ) ಫೈಲು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ.

ನನ್ನ ತಕರಾರು ಅದರೊಳಗೆ ಮೊದಲೇ ಕೂತಿದ್ದ ಟ್ರಯಲ್ ಆಂಟಿವೈರಸ್ ಮೇಲೆ, ಅಂದರೆ ಕೆಲವು ದಿನ ಪುಕ್ಕಟೆ ಇದ್ದು ಆಮೇಲೆ ಚಂದಾ ಕೇಳುವಂಥದ್ದು. ಅಕ್ಷಯ ತದಿಗೆ ಹಿಂದಿನ ವಾರ, ಅಂಗಡಿ ತುಂಬ ಜನ. ಹರಿಹರದಿಂದ ಬಂದಿದ್ದ ಹೆಣ್ಣಿನ ತಂದೆ ಪಕ್ಕದಲ್ಲೇ ಕೂತು ಪ್ರೂಫ್ ನೋಡುತ್ತಿದ್ದರು. 'ಚಿ. ಕುಂ. ಸೌ.' ಅಂತ ಟೈಪ್ ಮಾಡಿ ಮುಂದಿನ ಹೆಸರಿಗೆ ಹೋದೆ, ತೆರೆಯ ಮೇಲೆ ಇಂಗ್ಲಿಷ್ ಅಕ್ಷರ ಬೀಳತೊಡಗಿತು. ಮತ್ತೆ ಒತ್ತಿದೆ, ಮತ್ತೆ ಇಂಗ್ಲಿಷೇ. ಅಷ್ಟರಲ್ಲಿ ಬಲಮೂಲೆಯಿಂದ ಕೆಂಪು ಪೆಟ್ಟಿಗೆಯೊಂದು ಎದ್ದು, ನಿಮ್ಮ ಕಂಪ್ಯೂಟರು ಅಪಾಯದಲ್ಲಿದೆ, ಈಗಲೇ ಚಂದಾ ಕಟ್ಟಿ ಅಂತು. ಆ ಯಜಮಾನರು ಗಾಬರಿಯಾಗಿ, "ಅಕ್ಕಾರ, ನಿಮ್ಮ ಮಿಷನ್ನಿಗೆ ವೈರಸ್ ಬಂದೈತಲ್ರಿ, ನಮ್ಮ ಕಾರ್ಡು ಏನಾತು?" ಅಂದರು.

ಆದದ್ದಿಷ್ಟೇ: ಆ ಆಂಟಿವೈರಸ್ಸು ನಮ್ಮ 'ನುಡಿ' ತಂತ್ರಾಂಶದ ಫೈಲನ್ನೇ ಹಿಡಿದು, ಕೆಲಸ ಮಾಡದಂತೆ ಒಳಗೆ ಹಾಕಿತ್ತು. ನಾವು ಒತ್ತುವ ಕೀಲಿಯನ್ನು ನಡುವೆ ಹಿಡಿದು ಕನ್ನಡ ಅಕ್ಷರ ಮಾಡಿ ಕೊಡುವುದೇ ನುಡಿಯ ಕೆಲಸ. ಅದನ್ನು ಕಂಡು ಆಂಟಿವೈರಸ್ಸು, ಯಾರೋ ನಮ್ಮ ಟೈಪಿಂಗ್ ಕದಿಯುತ್ತಿದ್ದಾರೆ ಅಂದುಕೊಂಡಿರಬೇಕು. ಅನ್‌ಇನ್‌ಸ್ಟಾಲ್ ಒತ್ತಿದರೆ ಆ ಆಂಟಿವೈರಸ್ಸು ಅರ್ಧ ಹೋಯಿತು, ಅರ್ಧ ಉಳಿಯಿತು. ಕೊನೆಗೆ ಸರ್ವಿಸ್ ಹುಡುಗ ಬಂದು, ತೆಗೆಯುವುದಕ್ಕೆಂದೇ ಇರುವ ಇನ್ನೊಂದು ಪ್ರೋಗ್ರಾಂ ಇಳಿಸಿ, ಎರಡು ಸಲ ರೀಸ್ಟಾರ್ಟ್ ಮಾಡಿ ಮುಗಿಸಿದ. ಮುನ್ನೂರು ರೂಪಾಯಿ, ಒಂದೂವರೆ ತಾಸು. ನಾನು ಕೇಳದ, ಕೊಳ್ಳದ ಸಾಮಾನಿಗೆ.

ದುಡ್ಡು ಕೊಡುವವರು ನಾವು, ಒಳಗೆ ಏನಿರಬೇಕೆಂದು ತೀರ್ಮಾನಿಸುವವರು ಬೇರೆಯವರು. ಈ ಜಗಳ ಹಳೆಯದು. 1998ರಲ್ಲಿ ಅಮೆರಿಕ ಸರ್ಕಾರ ವಿಂಡೋಸ್ ಮಾಡುವ ಮೈಕ್ರೋಸಾಫ್ಟ್ ಮೇಲೆ ಹೂಡಿದ ದಾವೆಯಲ್ಲಿ ವಿಂಡೋಸ್ ಜೊತೆ ಇಂಟರ್ನೆಟ್ ನೋಡುವ ಬ್ರೌಸರ್ ಕಟ್ಟಿ ಕೊಡುವುದೇ ಮುಖ್ಯ ವಿಷಯವಾಗಿತ್ತು. 2004ರಲ್ಲಿ ಯುರೋಪ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ಅದೇ ಕಂಪನಿಗೆ 49.7 ಕೋಟಿ ಯೂರೊ ದಂಡ ಹಾಕಿ, ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸನ್ನೂ ಮಾರಬೇಕು ಅಂತು. ಅದೇ 'ಎನ್' ಆವೃತ್ತಿ. ಬೆಲೆ ಮಾತ್ರ ಮಾಮೂಲಿ ವಿಂಡೋಸಿನಷ್ಟೇ. ಒಂದು ಕಮ್ಮಿ ಇರುವುದನ್ನು ಅದೇ ರೇಟಿಗೆ ಯಾರು ಕೊಳ್ಳುತ್ತಾರೆ? ಹಾಗಾಗಿ 2010ರಲ್ಲಿ ಬೇರೆ ದಾರಿ ಹಿಡಿದರು: ಯಾವ ಬ್ರೌಸರ್ ಬೇಕು, ನೀವೇ ಆರಿಸಿ ಅಂತ ಕೇಳುವ ಪರದೆ. ಕೆಲವು ಕಾಲ ಅದು ಕಾಣಿಸಲಿಲ್ಲ ಅಂತ 2013ರಲ್ಲಿ ಮತ್ತೆ 56.1 ಕೋಟಿ ಯೂರೊ ದಂಡ ಬಿತ್ತು. 2024ರ ಮಾರ್ಚ್‌ನಿಂದ ಅಲ್ಲಿ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಷರತ್ತುಗಳು ಜಾರಿಗೆ ಬಂದು, ವಿಂಡೋಸ್ ಬಳಸುವವರು ಎಡ್ಜ್ ಬ್ರೌಸರನ್ನೇ ತೆಗೆದುಹಾಕಬಹುದು.

ನಮ್ಮಲ್ಲೂ ಕಾನೂನು ಇದೆ, 2002ರ ಸ್ಪರ್ಧಾ ಕಾಯ್ದೆ. 2022ರ ಅಕ್ಟೋಬರಿನಲ್ಲಿ ಸ್ಪರ್ಧಾ ಆಯೋಗ ಮೊಬೈಲಿನ ಆಂಡ್ರಾಯ್ಡ್ ವಿಷಯಕ್ಕೆ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮೊದಲೇ ಹಾಕಿ ಬಂದ ಆ್ಯಪ್ ತೆಗೆಯಲು ಜನರನ್ನು ತಡೆಯಬಾರದು ಅಂತಲೂ ಹೇಳಿತ್ತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ತೆಗೆಯುವ ಆ ನಿರ್ದೇಶನವನ್ನು ರದ್ದು ಮಾಡಿತು. ದಂಡದ ದುಡ್ಡು ಸರ್ಕಾರಕ್ಕೆ ಹೋಗುತ್ತದೆ. ನನ್ನಂಥವರ ಕೈಗೆ ಬರಬೇಕಾಗಿದ್ದದ್ದು ಆ ತೆಗೆಯುವ ಬಟನ್ನು. ಅದೇ ಹೋಯಿತಲ್ಲ ಅಂತ ನನಗೆ ಸಂಕಟ.

ಜೊತೆಗೆ ಏನೂ ಬರಬಾರದು ಅನ್ನುವವಳಲ್ಲ ನಾನು. 1999ರಲ್ಲಿ ಮಂಡಿಪೇಟೆಯ ಪ್ರೆಸ್ಸೊಂದರಲ್ಲಿ ಕೆಲಸ ಕಲಿಯುವಾಗ, ಯಾರಾದರೂ ಕನ್ನಡ ಮ್ಯಾಟರ್ ಕಳಿಸಿದರೆ ಅವರ ಫಾಂಟೇ ನಮ್ಮಲ್ಲೂ ಇರಬೇಕಿತ್ತು. ಇಲ್ಲದಿದ್ದರೆ ತೆರೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಆಮೇಲೆ ವಿಂಡೋಸ್ ಎಕ್ಸ್‌ಪಿ ಜೊತೆಗೇ 'ತುಂಗಾ' ಫಾಂಟ್ ಬಂತು. ಮೊದಲ ಸಲ 'ದಾವಣಗೆರೆ' ಅಂತ ಅದರಲ್ಲಿ ಮೂಡಿದಾಗ ಆದ ಖುಷಿ ಇನ್ನೂ ನೆನಪಿದೆ. ಅದು ಯಾರ ಕೆಲಸಕ್ಕೂ ಅಡ್ಡ ಬರಲಿಲ್ಲ, ಬೇಡವಾದರೆ ಬೇರೆ ಫಾಂಟ್ ಹಾಕಿಕೊಳ್ಳಬಹುದಿತ್ತು.

ವಿಂಡೋಸ್ ಇಲ್ಲದ ಲ್ಯಾಪ್‌ಟಾಪ್ ತಗೊಳ್ಳಬಹುದಲ್ಲ ಅಂತ ಅಂಗಡಿಯವರು ಅಂದರು. ನಮ್ಮ ಇಪ್ಪತ್ತೈದು ವರ್ಷದ ಫೈಲುಗಳೆಲ್ಲ ಪೇಜ್‌ಮೇಕರ್ ಮತ್ತು ನುಡಿಯಲ್ಲಿವೆ, ಎರಡಕ್ಕೂ ವಿಂಡೋಸೇ ಬೇಕು. ಬಿಟ್ಟು ಹೋಗಲಾರದವರಿಗೇ ಕಾನೂನಿನ ಆಸರೆ ಹೆಚ್ಚು ಬೇಕು.

ಹರಿಹರದವರ ಕಾರ್ಡು ರಾತ್ರಿ ಒಂಬತ್ತಕ್ಕೆ ಪ್ರಿಂಟಾಯಿತು, ಅಲ್ಲಿವರೆಗೆ ಪಾಪ ಕಾದಿದ್ದರು. ಮುಂದಿನ ತಿಂಗಳು ಮಗಳ ಕಾಲೇಜಿಗೆ ಇನ್ನೊಂದು ಲ್ಯಾಪ್‌ಟಾಪ್ ಬೇಕು. ಈ ಸಲ ಬಿಲ್ ಹಾಕಿಸುವ ಮೊದಲೇ ಕೌಂಟರಿನಲ್ಲಿ ಆನ್ ಮಾಡಿಸಿ, ಟ್ರಯಲ್ ಅಂತ ಇರುವುದನ್ನೆಲ್ಲ ಅವರ ಕೈಯಲ್ಲೇ ತೆಗೆಸಿ ತರುತ್ತೇನೆ.